ಉಪ್ಪು ಕೆಸರಿನಲ್ಲಿ ಕ್ಯಾನ್ಸರ್ ಔಷಧದ ಹುಡುಕಾಟ

ಮುಂಬೈನ ಧಾರಾವಿಯ ಅಂಚಿನಲ್ಲೇ ಮಿಠಿ ನದಿ ಹರಿದು ಮಾಹಿಮ್ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿ ಕಾಂಡ್ಲಾ ಗಿಡಗಳ ಬುಡದಲ್ಲಿ ಉಪ್ಪು ಕೆಸರು. ಜನ ಮೂಗು ಮುಚ್ಚಿಕೊಳ್ಳುವ ಇಂಥ ಕೆಸರೇ ಸೂಕ್ಷ್ಮಜೀವಿ ವಿಜ್ಞಾನಿಗಳಿಗೆ ಭಂಡಾರ.

ಅವರಿಗೆ ಬೇಕಿರುವುದು ಎಲ್-ಆಸ್ಪರಾಜಿನೇಸ್ ಎಂಬ ಕಿಣ್ವ.

ಮಕ್ಕಳನ್ನು ಹೆಚ್ಚಾಗಿ ಕಾಡುವ ರಕ್ತ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದರ ಕೋಶಗಳಿಗೆ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಬೇಕೇ ಬೇಕು. ಸಾಕಷ್ಟು ತಯಾರಿಸಿಕೊಳ್ಳಲು ಬಾರದು, ರಕ್ತದಿಂದಲೇ ಹೀರಬೇಕು. ಈ ಕಿಣ್ವ ರಕ್ತದಲ್ಲಿನ ಆಸ್ಪರಾಜಿನ್ ಅನ್ನು ಒಡೆದುಹಾಕುತ್ತದೆ. ಕ್ಯಾನ್ಸರ್ ಕೋಶ ಹಸಿದು ಸಾಯುತ್ತದೆ. ಆರೋಗ್ಯವಂತ ಕೋಶಗಳು ಬಹುಪಾಲು ತಮಗೆ ಬೇಕಾದಷ್ಟನ್ನು ತಾವೇ ಮಾಡಿಕೊಳ್ಳುತ್ತವೆ.

ಮೊದಲ ಸುಳಿವು ಸಿಕ್ಕಿದ್ದು 1953ರಲ್ಲಿ. ಈ ಕಿಣ್ವವಿರುವ ಗಿನಿಯಿಲಿಯ ರಕ್ತಸಾರ ಇಲಿಗಳ ಗಡ್ಡೆ ಕುಗ್ಗಿಸುವುದನ್ನು ಅಮೆರಿಕದ ಜಾನ್ ಕಿಡ್ ಕಂಡರು. ಇಂದು ಔಷಧ ಬರುವುದು ಮುಖ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದಿಂದ. ಕೆಲವು ಮಕ್ಕಳಿಗೆ ಅದು ತೀವ್ರ ಅಲರ್ಜಿ ತರುತ್ತದೆ. ಹಾಗಾಗಿಯೇ ಸಮುದ್ರದತ್ತ ನೋಟ.

ಹುಡುಕುವ ಬಗೆ ಕಣ್ಣಿಗೂ ಚೆಂದ. ಆಸ್ಪರಾಜಿನ್ ಮತ್ತು ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಬೆರೆಸಿದ ಹಳದಿ ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಕಿಣ್ವ ಇದ್ದರೆ ಅಮೋನಿಯಾ ಹುಟ್ಟಿ, ಸುತ್ತಲೂ ಗುಲಾಬಿ ವರ್ತುಲ ಮೂಡುತ್ತದೆ!

ಆದರೆ ಗುಲಾಬಿ ಬಣ್ಣವೇ ಔಷಧವಲ್ಲ. ಕಿಣ್ವವನ್ನು ಶುದ್ಧೀಕರಿಸಬೇಕು, ಕೋಶಗಳ ಮೇಲೆ, ಪ್ರಾಣಿಗಳ ಮೇಲೆ, ಕೊನೆಗೆ ರೋಗಿಗಳ ಮೇಲೆ ಪರೀಕ್ಷಿಸಬೇಕು. ಅದು ವರ್ಷಗಳ ಕೆಲಸ. ಸಮುದ್ರದ ಕಿಣ್ವಗಳ ಅಧ್ಯಯನ ಈಗ ನಡೆಯುತ್ತಿರುವುದು ಬಹುತೇಕ ಪ್ರಯೋಗಾಲಯಗಳಲ್ಲೇ.