ಕಲ್ಪಿತ ಯಂತ್ರಗಳಲ್ಲಿ ಸರ್ವರ್ ಸಮುಚ್ಚಯ: ಕೂಡುಭಂಡಾರದ ವಿಚಾರ

ಹಸ್ತಪ್ರತಿಗಳ ಛಾಯಾಪ್ರತಿಗಳೂ ನಿಘಂಟುಗಳ ಶಬ್ದಸಂಗ್ರಹಗಳೂ ಗ್ರಂಥಾಲಯಗಳ ಸೂಚಿಗಳೂ ಇಂದು ಸರ್ವರ್ ಎಂಬ ಗಣಕಯಂತ್ರಗಳಲ್ಲಿ ಸೇರಿರುವುದರಿಂದ, ಅವು ಅಲ್ಲಿ ಹೇಗೆ ಉಳಿಯುತ್ತವೆ, ಹೇಗೆ ಕೆಡುತ್ತವೆ ಎಂಬುದು ಸಾಹಿತ್ಯವ್ಯಾಸಂಗಿಗಳಿಗೆ ಹೊರತಾದ ವಿಷಯವಲ್ಲ. ಒಂದು ಸರ್ವರ್ ನಿಂತರೆ ಮತ್ತೊಂದು ಅದರ ಕಾರ್ಯವನ್ನು ವಹಿಸಿಕೊಳ್ಳುವಂತೆ ಹಲವನ್ನು ಜೋಡಿಸುವುದಕ್ಕೆ ಕ್ಲಸ್ಟರ್ ಎಂದು ಹೆಸರು. ಇಲ್ಲಿ ಅದನ್ನು ಸಮುಚ್ಚಯವೆಂದು ಕರೆದಿದೆ. ಅವೆಲ್ಲವೂ ಒಂದೇ ಡಿಸ್ಕನ್ನು ಬಳಸುವುದಾದರೆ ಆ ಡಿಸ್ಕು ಕೂಡುಭಂಡಾರ. ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶದಿಂದ ನಿರ್ಮಿತವಾಗಿ ಸ್ವತಂತ್ರಯಂತ್ರದಂತೆಯೇ ವರ್ತಿಸುವ ವರ್ಚುವಲ್ ಮೆಷಿನ್ ಕಲ್ಪಿತ ಯಂತ್ರ. ಅದನ್ನು ಹೊತ್ತಿರುವುದು ಆಶ್ರಯಯಂತ್ರ.

ಎರಡು ಯಂತ್ರಗಳಿಗೆ ಒಂದೇ ಡಿಸ್ಕನ್ನು ಜೋಡಿಸಿದರೆ ಸಮುಚ್ಚಯವಾಯಿತೆಂಬ ಭಾವನೆ ಹೊಸಬರಲ್ಲಿ ಸಾಮಾನ್ಯವಾಗಿದೆ. ಇದು ಸಾಧುವಲ್ಲ. ಜೋಡಿಸುವುದು ಸುಲಭ, ಬರೆಯಲು ಯಾರಿಗೆ ಅಧಿಕಾರವಿಲ್ಲವೆಂಬುದನ್ನು ನಿರ್ಣಯಿಸಿ ಆ ನಿಷೇಧವನ್ನು ನಡೆಸುವುದೇ ಕಷ್ಟ. ಎನ್‌ಟಿಎಫ್‌ಎಸ್, ಎಕ್ಸ್‌ಟಿ೪ ಮೊದಲಾದ ಸಾಧಾರಣ ಕಡತವ್ಯವಸ್ಥೆಗಳು ಡಿಸ್ಕಿಗೆ ಒಡೆಯನೊಬ್ಬನೇ ಎಂದು ನಂಬಿ ರಚಿತವಾದವು. ಯಾವ ಸ್ಥಳ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕವನ್ನು ಅವು ತಮ್ಮ ಸ್ಮೃತಿಯಲ್ಲಿಯೇ ಇಟ್ಟುಕೊಳ್ಳುತ್ತವೆ. ಒಂದೇ ಕಡತಕ್ಕೆ ಇಬ್ಬರು ಶಾನುಭೋಗರಿದ್ದು, ಖಾಲಿ ಹಾಳೆಗಳ ಪಟ್ಟಿಯನ್ನು ಇಬ್ಬರೂ ಬೆಳಗ್ಗೆಯೇ ಬರೆದಿಟ್ಟುಕೊಂಡು, ಪರಸ್ಪರ ಕೇಳದೆ ದಿನವೆಲ್ಲ ಬರೆದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಈ ಕೇಡು ಒಡನೆಯೇ ಕಾಣಿಸಿಕೊಳ್ಳದಿರಬಹುದು. ಕೆಲವು ವಾರಗಳ ಮೇಲೆ ಒಂದು ಪುಟ ತೆರೆಯದೆ ಹೋದಾಗ ತಿಳಿಯುವುದು. ಅಷ್ಟರಲ್ಲಿ ರಕ್ಷಾಪ್ರತಿಗಳಿಗೂ ಅದೇ ವಿಕಾರ ಇಳಿದಿರಬಹುದು.

ಈ ಪ್ರಶ್ನೆ ಹೊಸದಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನವರು 1983ರಲ್ಲಿ ಪ್ರಕಟಿಸಿದ ವ್ಯಾಕ್ಸ್‌ಕ್ಲಸ್ಟರಿನಲ್ಲಿ, ಬರೆಯುವ ಮೊದಲು ಬೀಗವನ್ನು ಕೇಳಿ ಪಡೆಯುವ ಪದ್ಧತಿಯೂ ಬಹುಮತದ ನಿಯಮವೂ ಇದ್ದುವು. ಲಿನಕ್ಸಿನ ಜಿಎಫ್‌ಎಸ್೨, ಒಸಿಎಫ್‌ಎಸ್೨ ಎಂಬವು ಇದೇ ಮಾರ್ಗದವು. ಮೈಕ್ರೊಸಾಫ್ಟಿನವರು 1997ರಲ್ಲಿ ವಿಂಡೋಸ್ ಎನ್‌ಟಿ 4.0ರೊಡನೆ ಹೊರತಂದ ಸಮುಚ್ಚಯ ಬೇರೊಂದು ಮಾರ್ಗವನ್ನು ಹಿಡಿಯಿತು: ಒಂದು ಡಿಸ್ಕಿಗೆ ಒಂದು ಕಾಲದಲ್ಲಿ ಒಬ್ಬನೇ ಒಡೆಯ, ಉಳಿದವನು ಕಾದಿರತಕ್ಕವನು. ಸಣ್ಣ ಸಂಸ್ಥೆಗಳಿಗೆ ಈ ಎರಡನೆಯದೇ ಮೇಲೆಂದು ನಮ್ಮ ಮತ.

ಇನ್ನು ಯಂತ್ರಗಳ ನಡುವಣ ಸಂಪರ್ಕ ಕಡಿದರೆ ಇಕ್ಕೆಲದವೂ ಎದುರಿನದು ಸತ್ತಿತೆಂದೇ ಬಗೆಯುವುವು. ಆಗ ಎರಡೂ ಒಡೆತನವನ್ನು ಸಾರುವ ಭಯವಿರುವುದರಿಂದ, ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳ್ಳ ಪಕ್ಷವೇ ನಡೆಯತಕ್ಕದ್ದೆಂದು ನಿಯಮ. ಇದಕ್ಕೆ ಕೋರಂ ಎಂಬ ಸಭಾಪದ್ಧತಿಯ ಶಬ್ದವನ್ನೇ ಬಳಸುತ್ತಾರೆ. ಮೂರರಲ್ಲಿ ಎರಡು, ಐದರಲ್ಲಿ ಮೂರು ಬೇಕು. ಎರಡೇ ಇದ್ದಲ್ಲಿ ಮೂರನೆಯ ಮತವನ್ನು ಸಾಕ್ಷಿಡಿಸ್ಕೊಂದಕ್ಕೆ ಕೊಡುವುದುಂಟು.

ಆದರೆ ಬಹುಮತವೊಂದೇ ಸಾಲದು. ಸೋತ ಯಂತ್ರವು ತಾನು ಸೋತೆನೆಂದು ತಿಳಿಯದೆ ಬರೆಯುತ್ತಲೇ ಇರಬಹುದು. ಆದಕಾರಣ ಅದಕ್ಕೆ ಬೇಲಿ ಹಾಕಬೇಕು. ಎಸ್‌ಸಿಎಸ್‌ಐ-೩ ವಿಧಾನದ ಸ್ಥಿರ ಕಾದಿರಿಸುವಿಕೆಯಲ್ಲಿ ಡಿಸ್ಕೇ ಅನಧಿಕೃತನ ಬರವಣಿಗೆಯನ್ನು ತಿರಸ್ಕರಿಸುತ್ತದೆ. ಇನ್ನೊಂದು ಉಪಾಯ ಎದುರಿನ ಯಂತ್ರವನ್ನು ಬಲಾತ್ಕಾರವಾಗಿ ಆರಿಸುವುದು. ಲಿನಕ್ಸಿನವರು ಇದಕ್ಕೆ ಸ್ಟೋನಿತ್ ಎನ್ನುತ್ತಾರೆ. ಜೊತೆಯ ಯಂತ್ರದ ತಲೆಗೆ ಗುಂಡಿಕ್ಕೆಂಬ ಇಂಗ್ಲಿಷ್ ವಾಕ್ಯದ ಆದ್ಯಕ್ಷರಗಳಿಂದಾದ ಶಬ್ದವಿದು. ಹೆಸರು ಒರಟಾದರೂ ಯುಕ್ತವಾಗಿದೆ.

ಕಲ್ಪಿತ ಯಂತ್ರಗಳಲ್ಲಿ ಇದೇ ಪ್ರಶ್ನೆ ಎರಡು ಅಂತಸ್ತುಗಳಲ್ಲಿ ಏಳುತ್ತದೆ. ಯಂತ್ರದೊಳಗಿನ ಡಿಸ್ಕು ಆಶ್ರಯಯಂತ್ರದಲ್ಲಿ ಹಲವುವೇಳೆ ಒಂದು ಕಡತಮಾತ್ರವಾಗಿರುತ್ತದೆ. ಬರೆದಂತೆ ಬೆಳೆಯುವ ಕ್ಯುಕೌ೨ ಮಾದರಿಯ ಕಡತವಾದರೆ, ಅದರ ಸ್ಥಳಪಟ್ಟಿಯನ್ನು ಪ್ರತಿಯೊಂದು ಕಲ್ಪಿತ ಯಂತ್ರವನ್ನು ನಡೆಸುವ ತಂತ್ರಾಂಶವೂ ಪ್ರತ್ಯೇಕವಾಗಿ ಸ್ಮೃತಿಯಲ್ಲಿಟ್ಟುಕೊಳ್ಳುವುದರಿಂದ, ಮೇಲೆ ಎಷ್ಟೇ ಬೀಗಗಳಿದ್ದರೂ ಕೆಳಗೆ ಇಬ್ಬರು ಶಾನುಭೋಗರ ಕಥೆಯೇ ಮರಳುತ್ತದೆ. ಕ್ಯುಎಮು ತಂತ್ರಾಂಶವು 2017ರಲ್ಲಿ ಬಂದ 2.10ನೆಯ ಆವೃತ್ತಿಯಿಂದ ಒಂದೇ ಕಡತವನ್ನು ಇಬ್ಬರು ಬರೆಯಲು ತೆರೆಯುವುದನ್ನು ತಾನಾಗಿಯೇ ತಡೆಯುತ್ತದೆ. ವಿಎಂವೇರಿನ ವಿಎಂಎಫ್‌ಎಸ್ ಸಹ ಹಾಗೆಯೇ ಬೀಗ ಹಾಕುತ್ತದೆ. ಸಮುಚ್ಚಯ ಕಟ್ಟುವವನು ಈ ಬೀಗಗಳನ್ನು ತಾನೇ ತೆಗೆಯಬೇಕಾಗುವುದು. ತೆಗೆದ ಕ್ಷಣದಿಂದ ಹೊಣೆಯೂ ಅವನದೇ.

ಹೀಗಿರಲು ಕ್ರಮ ಇದು. ಕೂಡುಡಿಸ್ಕನ್ನು ನಿಶ್ಚಿತ ಪ್ರಮಾಣದಲ್ಲಿ, ಸ್ಥಳವನ್ನೆಲ್ಲ ಮೊದಲೇ ಕಾದಿರಿಸಿ ರಚಿಸತಕ್ಕದ್ದು. ಆಶ್ರಯಯಂತ್ರದ ಮಧ್ಯಸ್ಮೃತಿಯನ್ನು ಅದಕ್ಕೆ ನಿಲ್ಲಿಸತಕ್ಕದ್ದು. ಪ್ರತಿಯೊಂದು ಯಂತ್ರದ ಕಾರ್ಯಾಚರಣವ್ಯವಸ್ಥೆಗೆ ಬೇರೆ ಡಿಸ್ಕಿರಬೇಕು. ಬೇಲಿಯ ಏರ್ಪಾಡು ಮುಗಿದು ಪರೀಕ್ಷಿತವಾದ ಮೇಲೆಯೇ ಕಡತವ್ಯವಸ್ಥೆಯನ್ನು ತೆರೆಯುವುದು. ಹಲವರು ಇದನ್ನು ತಿರುಗಿಸಿ ಮಾಡುತ್ತಾರೆ.

ಎಡೆಯಿಡುವ ಸ್ಥಳವೂ ಮುಖ್ಯ. ಮೂರು ಯಂತ್ರಗಳಲ್ಲಿ ಎರಡು ಒಂದೇ ಆಶ್ರಯದಲ್ಲಿದ್ದು ಆ ಆಶ್ರಯ ಬಿದ್ದರೆ, ಉಳಿದ ಆರೋಗ್ಯವಂತ ಯಂತ್ರ ಬಹುಮತವಿಲ್ಲದೆ ತಾನೂ ನಿಲ್ಲುತ್ತದೆ. ಕಲಿಕೆಗೆ ಎಲ್ಲವನ್ನೂ ಒಂದರಲ್ಲಿಟ್ಟರೆ ದೋಷವಿಲ್ಲ. ಸ್ನ್ಯಾಪ್‌ಷಾಟ್ ಎಂಬ ಕ್ಷಣಚಿತ್ರವನ್ನು ಕೂಡುಡಿಸ್ಕಿಗೆ ತೆಗೆಯಲಾಗದು: ಡಿಸ್ಕನ್ನು ನಿನ್ನೆಗೆ ಮರಳಿಸಿದರೂ ಜೊತೆಯ ಯಂತ್ರದ ಸ್ಮೃತಿ ಇಂದಿನಲ್ಲಿಯೇ ಇರುತ್ತದೆ.

ಪರೀಕ್ಷೆಗೆ ಯಂತ್ರವನ್ನು ಕ್ರಮವಾಗಿ ಆರಿಸಿದರೆ ಪ್ರಯೋಜನ ಸ್ವಲ್ಪ. ಒಡೆತನವುಳ್ಳ ಕಲ್ಪಿತ ಯಂತ್ರವನ್ನು ಬರೆಯುತ್ತಿರುವಾಗಲೇ ಐದು ನಿಮಿಷ ಸ್ತಂಭಿಸಿ, ಒಡೆತನ ಮತ್ತೊಂದಕ್ಕೆ ಹೋದ ಮೇಲೆ ಬಿಡಬೇಕು. ಸ್ತಂಭಿತಯಂತ್ರಕ್ಕೆ ಕಾಲ ಕಳೆದುದು ತಿಳಿದಿರುವುದಿಲ್ಲ. ಅರ್ಧಕ್ಕೆ ನಿಂತ ವಾಕ್ಯವನ್ನು ಮುಂದುವರಿಸುವವನಂತೆ ಅದು ಬರೆಯಹೊರಡುತ್ತದೆ. ಡಿಸ್ಕು ಆ ಬರವಣಿಗೆಯನ್ನು ತಿರಸ್ಕರಿಸಿತೆ, ಅಥವಾ ಅಷ್ಟರೊಳಗೆ ಆ ಯಂತ್ರವನ್ನು ಆರಿಸಲಾಗಿತ್ತೆ ಎಂಬುದನ್ನು ದಿನಚರಿಯ ಕಡತದಲ್ಲಿ ನೋಡಬೇಕು. ಎರಡೂ ಇಲ್ಲದಿದ್ದರೆ ಆ ಸಮುಚ್ಚಯಕ್ಕೆ ಗ್ರಂಥಗಳನ್ನು ಒಪ್ಪಿಸುವ ಕಾಲ ಇನ್ನೂ ಬಂದಿಲ್ಲ.