ಬ್ಯಾಂಕಾಕ್: ದೋಣಿ ಹತ್ತಿದವರ ಊರು

ಬ್ಯಾಂಕಾಕಿನ ಅರಮನೆ ಗೋಡೆಯ ಬಳಿ ನಕಾಶೆ ಹಿಡಿದು ಒಬ್ಬರೇ ನಿಂತರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಭ್ಯರೊಬ್ಬರು ಹತ್ತಿರ ಬಂದು ‘ಇವತ್ತು ಅರಮನೆಗೆ ರಜೆ’ ಎನ್ನುತ್ತಾರೆ. ಬೇರೆ ದೇವಾಲಯಗಳನ್ನು ತೋರಿಸಲು ಪುಡಿಗಾಸಿಗೆ ಬರುವ ಟುಕ್‌ಟುಕ್ ಕೂಡ ಪಕ್ಕದಲ್ಲೇ ಇರುತ್ತದೆ. ಆ ಸವಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ. ಊರಿಗೆ ಹೊಸಬರನ್ನು ಹಿಡಿಯುವ ಹಳೆಯ ಆಟ ಇದು. ಟಿಕೆಟ್ ಕೌಂಟರ್‌ವರೆಗೆ ನಡೆದು ಹೋಗಿ ಕಣ್ಣಾರೆ ನೋಡುವುದೊಂದೇ ಮದ್ದು.

ಇಂಥವರ ಕೈಗೆ ಸಿಗದೆ ಊರು ಹೊಗಲು ನೀರಿನ ದಾರಿಯೇ ವಾಸಿ. ಬ್ಯಾಂಕಾಕ್ ಬೆಳೆದದ್ದೂ ನೀರನ್ನು ನಂಬಿಕೊಂಡೇ. 1767ರಲ್ಲಿ ಬರ್ಮಾದ ಸೇನೆ ಅಯುತ್ಥಯವನ್ನು ಹಾಳುಗೆಡವಿದ ಮೇಲೆ ರಾಜಧಾನಿ ಚಾವೊ ಫ್ರಾಯ ನದಿಯ ಪಶ್ಚಿಮ ದಂಡೆಯ ಥೊನ್‌ಬುರಿಗೆ ಬಂತು. 1782ರಲ್ಲಿ ಚಕ್ರಿ ವಂಶದ ಮೊದಲ ದೊರೆ ಅದನ್ನು ಪೂರ್ವ ದಂಡೆಗೆ ದಾಟಿಸಿದ. ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದ್ದು ಆಮೇಲಿನ ಕಥೆ. ಆ ರಸ್ತೆಗಳ ಸಂಜೆಯ ದಟ್ಟಣೆ ಕಂಡರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದವರಿಗೂ ಎದೆ ಝಲ್ಲೆನ್ನುತ್ತದೆ.

1999ರಲ್ಲಿ ಶುರುವಾದ ಬಿಟಿಎಸ್ ರೈಲಿನಲ್ಲಿ ಬಂದು ಸಫಾನ್ ತಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ದೋಣಿಕಟ್ಟೆ. ಕಿತ್ತಳೆ ಬಾವುಟದ ದೋಣಿಯೇ ಇಲ್ಲಿನ ಸಿಟಿ ಬಸ್ಸು. ಚಿಲ್ಲರೆ ತುಂಬಿದ ಲೋಹದ ಕೊಳವೆಯನ್ನು ಟಕಟಕ ಅನ್ನಿಸುತ್ತಾ ಕಂಡಕ್ಟರ್ ಬರುತ್ತಾರೆ. ಶಾಲೆಯ ಮಕ್ಕಳು, ಕಚೇರಿಗೆ ಹೊರಟವರು, ಬೆನ್ನಚೀಲದ ವಿದೇಶಿಯರು ಎಲ್ಲರದೂ ಒಂದೇ ನೂಕುನುಗ್ಗಲು. ಬೌದ್ಧ ಭಿಕ್ಷುಗಳಿಗೆ ಮೀಸಲಾದ ಜಾಗವನ್ನು ಮಾತ್ರ ಬಿಟ್ಟು ನಿಲ್ಲಬೇಕು. ಹೆಂಗಸರು ಅವರಿಗೆ ಮೈ ತಾಗದಂತೆ ಸರಿದು ನಿಲ್ಲುವುದು ರೂಢಿ.

ಥಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಅರಮನೆ ಹತ್ತಿರ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಒಳಗಿನ ವಾಟ್ ಫ್ರಾ ಕೇವ್ ದೇವಾಲಯದ ಪಚ್ಚೆ ಬುದ್ಧ ನಿಜದಲ್ಲಿ ಪಚ್ಚೆಯದಲ್ಲ, ಜೇಡ್ ಕಲ್ಲಿನದು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ತಕ್ಕಂತೆ ವರ್ಷಕ್ಕೆ ಮೂರು ಬಾರಿ ವಸ್ತ್ರ ಬದಲಾಗುತ್ತದೆ. ಜನ ಮುಗಿಬೀಳುವುದು ಈ ಮೂರ್ತಿಗಾಗಿಯೇ. ಆದರೆ ಕನ್ನಡದ ಪ್ರವಾಸಿಗೆ ಹೊತ್ತು ಹೋಗುವುದೇ ತಿಳಿಯದ ಜಾಗ ಸುತ್ತಲಿನ ಪ್ರಾಕಾರ. ಅಲ್ಲಿ 178 ಭಿತ್ತಿಚಿತ್ರಗಳಲ್ಲಿ ಥಾಯ್ ರಾಮಾಯಣವಾದ ರಾಮಕಿಯೆನ್ ಹಬ್ಬಿದೆ. ಕಥೆ ಗೊತ್ತಿದೆ ಎಂದು ಹೊರಟವರು ಸೇತುವೆಯ ಪ್ರಸಂಗಕ್ಕೆ ಬಂದಾಗ ತಬ್ಬಿಬ್ಬಾಗುತ್ತಾರೆ. ಸೇತುವೆ ಕೆಡಿಸಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವನ್ನಮಚ್ಛಾಳಿಗೆ ಇಲ್ಲಿನ ಹನುಮ ಮನಸೋಲುತ್ತಾನೆ; ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ನಮ್ಮ ಊರೂರಿನ ಆಂಜನೇಯನ ಗುಡಿಗಳ ಅರ್ಚಕರು ಈ ಗೋಡೆಯ ಮುಂದೆ ನಿಂತು ಏನೆನ್ನುತ್ತಿದ್ದರೋ!

ಬಿಸಿಲೇರುವ ಹೊತ್ತಿಗೆ ವಾಟ್ ಫೋ. 46 ಮೀಟರ್ ಉದ್ದಕ್ಕೆ ಮಲಗಿದ ಬುದ್ಧ, ಅಂಗಾಲಲ್ಲಿ ಮುತ್ತಿನ ಚಿಪ್ಪಿನಿಂದ ಬರೆದ 108 ಮಂಗಳ ಚಿಹ್ನೆಗಳು. ಸಾಲಾಗಿಟ್ಟ ಕಂಚಿನ ಬೋಗುಣಿಗಳಿಗೆ ಭಕ್ತರು ಚಿಲ್ಲರೆ ಹಾಕುವ ಸದ್ದು ಇಡೀ ಮಂಟಪವನ್ನು ತುಂಬಿರುತ್ತದೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಥಾಯ್ ಮಸಾಜ್ ಕಲಿಸುವ ಶಾಲೆಯೂ ಇಲ್ಲಿದೆ. ನಡೆದು ಸೋತ ಕಾಲಿಗೆ ಅಲ್ಲಿ ಅರ್ಧ ಗಂಟೆ ಕೊಟ್ಟರೆ ನಷ್ಟವೇನಿಲ್ಲ. ನದಿಯ ಆಚೆ ದಡದಲ್ಲಿ ಪಿಂಗಾಣಿ ಚೂರುಗಳಿಂದ ಸಿಂಗರಿಸಿದ ವಾಟ್ ಅರುಣ್. ದಾಟಿಸಲು ಸಣ್ಣ ದೋಣಿಗಳಿವೆ.

ಸಸ್ಯಾಹಾರಿಗಳಿಗೆ ಊಟದ್ದೇ ಚಿಂತೆ. ತರಕಾರಿ ಪಲ್ಯ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಸೇರಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮೀನು, ಮಾಂಸ ಇರುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಅದೂ ಸೇರದಿದ್ದರೆ ಭಾರತೀಯರ ಬಟ್ಟೆ ವ್ಯಾಪಾರದ ಪಾಹುರತ್ ಬೀದಿಯಲ್ಲಿ ರೊಟ್ಟಿ, ದಾಲ್ ಸಿಗುತ್ತದೆ.

ಅಲ್ಲಿಂದ ಚೀನೀಯರ ಪೇಟೆ ಯಾವೊವರತ್‌ಗೆ ನಡೆದೇ ಹೋಗಬಹುದು. ಪೇಟೆಯ ಅಂಚಿನ ವಾಟ್ ತ್ರೈಮಿತ್‌ನಲ್ಲಿರುವ ಬುದ್ಧನನ್ನು ಬಹುಕಾಲ ಎಲ್ಲರೂ ಗಾರೆಯ ಮೂರ್ತಿ ಎಂದೇ ನಂಬಿದ್ದರು. 1955ರಲ್ಲಿ ಸ್ಥಳಾಂತರಿಸುವಾಗ ಹಗ್ಗ ತುಂಡಾಗಿ ಮೂರ್ತಿ ಬಿತ್ತು. ಗಾರೆಯ ಬಿರುಕಿನಲ್ಲಿ ಕಂಡದ್ದು ಚಿನ್ನ. ಸುಮಾರು ಐದೂವರೆ ಟನ್ ತೂಕ! ಶತ್ರುಗಳ ಕಣ್ಣು ತಪ್ಪಿಸಲು ಹಿಂದಿನವರು ಮೆತ್ತಿದ್ದ ಗಾರೆ ಅದು ಎನ್ನುತ್ತಾರೆ.

ಕತ್ತಲಾದಂತೆ ಯಾವೊವರತ್‌ನ ಫುಟ್‌ಪಾತ್ ತುಂಬ ಪ್ಲಾಸ್ಟಿಕ್ ಸ್ಟೂಲುಗಳು ಬೀಳುತ್ತವೆ. ಒಬ್ಬರೇ ಕೂತು ಉಣ್ಣುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಜಾಗ ಸಾಲದಿದ್ದರೆ ಎದುರಿಗೆ ಅಪರಿಚಿತರು ಬಂದು ಕೂರುತ್ತಾರೆ, ಅಷ್ಟೆ. ಕಿತ್ತಳೆ ಬಾವುಟದ ದೋಣಿ ಅಷ್ಟು ಹೊತ್ತಿಗೆ ನಿಂತಿರುತ್ತದೆ. 2019ರಲ್ಲಿ ತೆರೆದ ವಾಟ್ ಮಾಂಗ್‌ಕೋನ್ ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇರುವುದರಿಂದ, ಮಾವಿನಹಣ್ಣು ಬೆರೆಸಿದ ಅಂಟು ಅನ್ನವನ್ನು ಇನ್ನೊಂದು ತಟ್ಟೆ ಹೇಳಲು ಅಡ್ಡಿಯಿಲ್ಲ.