ಕೇಳುವ ಕಿವಿಯಿಲ್ಲದ ಸಂವಾದ

ಪರಸ್ಪರರ ಆಡಳಿತವನ್ನು ಒರೆಗೆ ಹಚ್ಚಲು ಆಫ್ರಿಕದ ರಾಷ್ಟ್ರಗಳು 2003ರಲ್ಲಿ ‘ಆಫ್ರಿಕನ್ ಸಹರಾಷ್ಟ್ರ ಪರಾಮರ್ಶೆ ವ್ಯವಸ್ಥೆ’ಯನ್ನು ರೂಪಿಸಿಕೊಂಡವು. ಸೇರುವುದು ಆಯಾ ದೇಶದ ಇಚ್ಛೆ. ಸೇರಿದ ದೇಶ ಮೊದಲು ಸ್ವಪರೀಕ್ಷೆ ನಡೆಸಬೇಕು. ಬಳಿಕ ಆಫ್ರಿಕದ ತಜ್ಞರು ಸಿದ್ಧಪಡಿಸಿದ ವರದಿ ಇತರ ರಾಷ್ಟ್ರನಾಯಕರ ಮುಂದೆ ಚರ್ಚೆಗೆ ಬರುತ್ತದೆ. 2006ರಲ್ಲಿ ಘಾನಾ ಮೊದಲಿಗೆ ಈ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡಿತು.

ದಕ್ಷಿಣ ಆಫ್ರಿಕದಲ್ಲಿ ಅನ್ಯದೇಶೀಯ ವಲಸಿಗರ ಮೇಲಿನ ದ್ವೇಷ ಬೆಳೆಯುತ್ತಿದೆಯೆಂದು 2007ರ ವರದಿ ಎಚ್ಚರಿಸಿತು. ಈ ವ್ಯವಸ್ಥೆಯ ಶಿಲ್ಪಿಗಳಲ್ಲೊಬ್ಬರಾದ ಅಧ್ಯಕ್ಷ ಥಾಬೊ ಎಂಬೆಕಿಯವರೇ ಆ ಮಾತನ್ನು ತಳ್ಳಿಹಾಕಿದರು. 2008ರ ಮೇ ತಿಂಗಳಲ್ಲಿ ವಲಸಿಗರ ವಿರುದ್ಧ ಹಿಂಸೆ ಭುಗಿಲೆದ್ದಿತು. 60ಕ್ಕೂ ಹೆಚ್ಚು ಮಂದಿ ಹತರಾದರು. ಅವರಲ್ಲಿ ಸ್ವದೇಶದವರೂ ಇದ್ದರು. ಸಾವಿರಾರು ಜನ ನೆಲೆ ಕಳೆದುಕೊಂಡರು.

ಪರಾಮರ್ಶೆಗೆ ದಂಡಿಸುವ ಅಧಿಕಾರವಿಲ್ಲ. ರೋಗವನ್ನು ಗುರುತಿಸುವುದಷ್ಟೇ ಸಂವಾದದ ಕೆಲಸ. ಕಹಿಮದ್ದನ್ನು ಕುಡಿಯುವ ಎದೆಗಾರಿಕೆ ನಾಯಕತ್ವದ್ದು.